ಗೊರಿಲ್ಲಗಳ ನೆರೆಯಲ್ಲಿ ಡಯಾನ್ ಫಾಸಿ

ನಮ್ಮಲ್ಲಿ ಅನೇಕರಂತೆ ತಿಂಗಳ ಸಂಬಳಕ್ಕೆ ದುಡಿಯುತ್ತಿದ್ದವರು ಡಯಾನ್ ಫಾಸಿ. 1932ರಲ್ಲಿ ಅಮೆರಿಕದ ಸಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಜನಿಸಿದ ಈಕೆ ಆಸ್ಪತ್ರೆಯ ಉದ್ಯೋಗದಲ್ಲಿದ್ದರು. ಆಫ್ರಿಕವನ್ನು ಕಾಣುವ ಹಂಬಲಕ್ಕೆ ಕೂಡಿಟ್ಟ ಹಣ ಸಾಕಾಗದೆ, ಸಾಲವೆತ್ತಿ 1963ರಲ್ಲಿ ಹೊರಟರು. ದಾರಿಯಲ್ಲಿ ಕಾಲಿಗೆ ಪೆಟ್ಟಾದರೂ ಕುಂಟುತ್ತಲೇ ವಿರುಂಗ ಪರ್ವತಗಳ ಕಾಡನ್ನೇರಿ, ಗೊರಿಲ್ಲಗಳನ್ನು ಕಂಡೇ ಹಿಂದಿರುಗಿದರು.

1967ರಲ್ಲಿ ರುವಾಂಡದ ಕಾರಿಸಿಂಬಿ, ವಿಸೋಕೆ ಶಿಖರಗಳ ನಡುವೆ, ಸುಮಾರು 3,000 ಮೀಟರು ಎತ್ತರದಲ್ಲಿ ಗುಡಾರ ಹೂಡಿ, ಎರಡೂ ಹೆಸರುಗಳನ್ನು ಬೆಸೆದು ಆ ನೆಲೆಯನ್ನು ಕಾರಿಸೋಕೆ ಎಂದು ಕರೆದರು. ಮಳೆ, ಮಂಜು, ಆಳೆತ್ತರದ ತುರಚೆ ಗಿಡಗಳು. ಗೊರಿಲ್ಲಗಳೆದುರು ಅವರು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅಂಬೆಗಾಲಿಕ್ಕಿ ಸಾಗಿ, ಮೈ ಕೆರೆದುಕೊಂಡು, ಅವು ಮೇಯುವ ಸೊಪ್ಪನ್ನೇ ಅಗಿಯುತ್ತ, ಅವುಗಳ ದನಿಯನ್ನೇ ಅನುಕರಿಸುತ್ತ ಕುಳಿತಿರುತ್ತಿದ್ದರು. 1970ರಲ್ಲಿ ಹರೆಯದ ಗಂಡೊಂದು ತಾನಾಗಿ ಬಂದು ಅವರ ಕೈ ಮುಟ್ಟಿತು. ಭಯಂಕರ ಮೃಗವೆಂದು ಲೋಕ ನಂಬಿದ್ದುದು ಸಂಸಾರವಂದಿಗ ಪ್ರಾಣಿಯಾಗಿತ್ತು!

1977ರ ಕಡೆಯ ದಿನ ಕಳ್ಳಬೇಟೆಗಾರರು ಅವರ ಪ್ರೀತಿಯ ಗೊರಿಲ್ಲ ಡಿಜಿಟ್‌ನನ್ನು ಕೊಂದರು. ಆ ಬಳಿಕ ಅವರು ಇನ್ನಷ್ಟು ಉಗ್ರರಾಗಿ, ಉರುಳುಗಳನ್ನು ಕಿತ್ತೆಸೆಯುತ್ತ ಕಾಡನ್ನು ಕಾದರು. ಸೆರೆಸಿಕ್ಕ ಬೇಟೆಗಾರರನ್ನು ನಡೆಸಿಕೊಂಡ ಬಗೆ ಕ್ರೂರವಾಗಿತ್ತೆಂಬುದನ್ನು ನಾವು ಮರೆಮಾಚಲಾರೆವು. ಮನುಷ್ಯರ ರೋಗ ತಗಲೀತೆಂದು ಪ್ರವಾಸಿಗಳನ್ನೂ ಬೇಡವೆಂದರು. 1985ರ ಡಿಸೆಂಬರಿನಲ್ಲಿ ತಮ್ಮ ಕುಟೀರದಲ್ಲಿಯೇ ಕೊಲೆಗೀಡಾದರು.

ರೋಗದ ಭಯ ಸುಳ್ಳಲ್ಲ. ಆದರೂ ಪ್ರವಾಸಿಗಳ ವಿಷಯದಲ್ಲಿ ಅವರ ಲೆಕ್ಕ ತಪ್ಪಿತೆಂದೇ ನಮ್ಮ ಅಭಿಪ್ರಾಯ. 1981ರಲ್ಲಿ ವಿರುಂಗದಲ್ಲಿ ಸುಮಾರು 250 ಗೊರಿಲ್ಲಗಳಿದ್ದವು. 2018ರಲ್ಲಿ ಪ್ರಕಟವಾದ ಎಣಿಕೆಯಲ್ಲಿ 604. ಈ ಕಾವಲಿಗೆ ಒದಗಿದ ಹಣದಲ್ಲಿ ಪ್ರವಾಸಿಗಳ ಪಾಲು ದೊಡ್ಡದು. ಆ ಪ್ರವಾಸಿಗಳೇ ಇಂದು ಕೆಸರು ತುಳಿದು, ಡಿಜಿಟ್‌ನ ಪಕ್ಕದಲ್ಲಿರುವ ಅವರ ಸಮಾಧಿಯವರೆಗೂ ಏರಿ ಹೋಗುತ್ತಾರೆ.