ಪ್ಲೇಗ್ ಲಸಿಕೆ ಕಂಡುಹಿಡಿದ ಹಾಫ್‌ಕಿನ್ ಮತ್ತು ಒಂದು ಬಾಟಲಿಯ ಕಥೆ

ಲಸಿಕೆ ಹಾಕಿಸಿಕೊಂಡ ಮೂರನೇ ದಿನಕ್ಕೇ ಯಾರೋ ತೀರಿಕೊಂಡರಂತೆ, ಎಲ್ಲರಿಗೂ ಕಳಿಸಿ ಎಂಬ ಮೆಸೇಜು ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ತೀರಿಕೊಂಡದ್ದು ಕೆಲವೊಮ್ಮೆ ನಿಜವೂ ಆಗಿರಬಹುದು. ಆದರೆ ಆ ಸಾವಿಗೆ ಲಸಿಕೆಯೇ ಕಾರಣವೇ ಎಂದು ತಿಳಿಯುವುದು ಹೇಗೆ? ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ಸಿಕ್ಕಿ ಕೆಲಸ ಕಳೆದುಕೊಂಡ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್. ಅವರ ಲಸಿಕೆ ನಮ್ಮ ಹುಬ್ಬಳ್ಳಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ತೋಳಿಗೆ ಬಿದ್ದಿತ್ತು.

ಪ್ಲೇಗ್ 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡು ಆಮೇಲೆ ದಕ್ಷಿಣಕ್ಕೆ ಇಳಿಯಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯ ಊರುಗಳು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಮೂರೂ ಊರು ಹುಬ್ಬಳ್ಳಿ–ಹರಿಹರ ರೈಲು ಮಾರ್ಗದ ಮೇಲಿವೆ. ಕಾಳಿನ ಚೀಲ, ಹತ್ತಿ ಅಂಡಿಗೆಗಳ ಜೊತೆ ಇಲಿ, ಇಲಿಯ ಮೈಮೇಲೆ ಚಿಗಟ. ರೋಗ ಊರಿಂದೂರಿಗೆ ಹೋಗಲು ಅಷ್ಟು ಸಾಕಿತ್ತು. 1898ರಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ಜೋರಾದ ಪ್ಲೇಗ್ ಅದೇ ಆಗಸ್ಟಿನಲ್ಲಿ ಬೆಂಗಳೂರು ಮುಟ್ಟಿತು.

ಮನೆಯ ಅಟ್ಟದಿಂದ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿಕೊಳ್ಳುವುದು ಆಗಿನ ರೂಢಿ. ಇದನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಬೇಡಿ. ಇಲಿ ಸತ್ತು ಮೈ ತಣ್ಣಗಾದ ಮೇಲೆ ಅದರ ಚಿಗಟಗಳು ಬೇರೆ ರಕ್ತ ಹುಡುಕುತ್ತವೆ, ಹತ್ತಿರ ಸಿಗುವುದು ಮನೆಯವರು. ಚಿಗಟದ ಪಾತ್ರವನ್ನು ವಿಜ್ಞಾನಿಗಳು ಒಪ್ಪುವುದಕ್ಕೂ ಮೊದಲೇ ನಮ್ಮವರು ಇಲಿಗೂ ಜ್ವರಕ್ಕೂ ಇರುವ ನಂಟನ್ನು ಕಣ್ಣಾರೆ ಕಂಡು ತಿಳಿದಿದ್ದರು. (ಈಗಲೂ ಒಂದೇ ಕಡೆ ಹಲವು ಇಲಿ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಎತ್ತಬೇಡಿ, ಪಂಚಾಯಿತಿಗೋ ನಗರಸಭೆಗೋ ತಿಳಿಸಿ. ಅಂಥ ಕಡೆ ಯಾರಿಗಾದರೂ ಜ್ವರದ ಜೊತೆ ತೊಡೆಸಂದಿನಲ್ಲೋ ಕಂಕುಳಲ್ಲೋ ನೋವಿನ ಗಡ್ಡೆ ಎದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಂದು ಪ್ಲೇಗಿಗೆ ಆ್ಯಂಟಿಬಯೋಟಿಕ್ ಇದೆ, ಬೇಗ ಕೊಟ್ಟರೆ ವಾಸಿಯಾಗುತ್ತದೆ.)

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ, ಯಹೂದಿ ಕುಟುಂಬದಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯದ ಊರು. ಓದಿನಲ್ಲಿ ಜಾಣ, ಆದರೆ ಮತಾಂತರವಾಗದೆ ವಿಶ್ವವಿದ್ಯಾಲಯದಲ್ಲಿ ಮೇಲೇರುವ ದಾರಿ ಇರಲಿಲ್ಲ. ಮತಾಂತರವಾಗಲಿಲ್ಲ, ದೇಶ ಬಿಟ್ಟರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮೊದಲು ಸಿಕ್ಕಿದ್ದು ಗ್ರಂಥಾಲಯದ ಸಹಾಯಕನ ಕೆಲಸ. ಪುಸ್ತಕ ಜೋಡಿಸುತ್ತಲೇ ಪ್ರಯೋಗಾಲಯ ಹೊಕ್ಕು ಕಾಲರಾ ಲಸಿಕೆ ತಯಾರಿಸಿ, 1892ರ ಜುಲೈಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಆ ಲಸಿಕೆ ಹಿಡಿದು ಭಾರತಕ್ಕೆ ಬಂದರು.

ಪ್ಲೇಗ್ ಶುರುವಾದಾಗ ಸರ್ಕಾರ ಅವರನ್ನು ಮುಂಬೈಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ, ಅದರ ಮುಂದಿನ ಓಣಿಯಷ್ಟು ಜಾಗ, ಒಬ್ಬ ಗುಮಾಸ್ತ, ಮೂವರು ಜವಾನರು. ಅಲ್ಲಿ ಅವರು ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು ಪ್ಲೇಗಿನ ರೋಗಾಣು ಬೆಳೆಸಿದರು. ತುಪ್ಪದ ಹನಿಗೆ ಅಂಟಿಕೊಂಡ ರೋಗಾಣುಗಳು ಆಲದ ಬಿಳಲಿನ ಹಾಗೆ ಕೆಳಕ್ಕೆ ಇಳಿಯುತ್ತವೆ. ಸೀಸೆ ಅಲುಗಿಸಿದರೆ ಬಿಳಲು ಉದುರಿ ತಳ ಸೇರುತ್ತದೆ, ಮೇಲೆ ಹೊಸದು ಇಳಿಯುತ್ತದೆ. ಹೀಗೆ ವಾರಗಟ್ಟಲೆ ಬೆಳೆಸಿ, ಕಾಯಿಸಿ, ಎಲ್ಲ ರೋಗಾಣುಗಳನ್ನು ಕೊಂದರೆ ಲಸಿಕೆ ಸಿದ್ಧ. ತುಪ್ಪ ತಿಂದರೆ ರೋಗವೇ ಬರುವುದಿಲ್ಲ ಎಂದು ಫಾರ್ವರ್ಡ್ ಮಾಡುವವರು ಇಲ್ಲಿ ಹಿಗ್ಗುವಂತಿಲ್ಲ. ತುಪ್ಪ ಇಲ್ಲಿ ರೋಗಾಣುವಿಗೆ ಜೋತುಬೀಳುವ ತೊಲೆ, ಅಷ್ಟೇ.

ಲಸಿಕೆಯಲ್ಲಿ ಇದ್ದದ್ದು ಸತ್ತ ರೋಗಾಣು. ಅದನ್ನು ನೋಡಿ ದೇಹ ಹೋರಾಟ ಕಲಿಯುತ್ತದೆ. ಆ ಕಲಿಕೆಯ ಗುರುತೇ ಒಂದೆರಡು ದಿನದ ಜ್ವರ, ತೋಳಿನ ಊತ. 1897ರ ಜನವರಿ 10ರಂದು ಹಾಫ್‌ಕಿನ್ ಇದನ್ನೂ ಮೊದಲು ತಮ್ಮ ಮೈಗೇ ಹಾಕಿಕೊಂಡರು, ಮುಂದೆ ಜನರಿಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಜ್ವರ ಬಂತು, ಇಳಿಯಿತು.

ತಾವೊಬ್ಬರು ಬದುಕಿದ್ದು ಯಾವ ಪುರಾವೆಯೂ ಅಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದೇ ತಿಂಗಳು ಮುಂಬೈಯ ಬೈಕುಲ್ಲಾ ಜೈಲಿಗೆ ಪ್ಲೇಗ್ ನುಗ್ಗಿದಾಗ ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿದರು, ಉಳಿದವರನ್ನು ಹಾಗೇ ಬಿಟ್ಟರು. ಎರಡೂ ಗುಂಪು ಹೆಚ್ಚುಕಡಿಮೆ ಸಮ. ಗೋಡೆ ಒಂದೇ, ಊಟ ಒಂದೇ. ಲಸಿಕೆ ಹಾಕಿಸಿಕೊಳ್ಳದವರಲ್ಲಿ 12 ಜನರಿಗೆ ರೋಗ ಬಂದು 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ ರೋಗ ಬಂದದ್ದು ಇಬ್ಬರಿಗೆ, ಇಬ್ಬರೂ ಬದುಕಿದರು. ಕೈದಿಯ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂದು ಇಂದಿನ ಯಾವ ನೈತಿಕ ಸಮಿತಿಯೂ ಕೇಳುತ್ತದೆ, ಕೇಳಲೇಬೇಕು. ಆದರೆ ಲಸಿಕೆ ಪಡೆದವರ ಪಕ್ಕದಲ್ಲಿ ಪಡೆಯದವರನ್ನೂ ಎಣಿಸುವ ಅವರ ಹಟ ಇಂದಿಗೂ ಲಸಿಕೆ ಪರೀಕ್ಷೆಯ ಬುನಾದಿ. ಫಾರ್ವರ್ಡ್ ಮೆಸೇಜಿನಲ್ಲಿ ಇಲ್ಲದಿರುವುದು ಈ ಎರಡನೇ ಸಾಲೇ.

ಮುಂಬೈಯಲ್ಲಿ ವದಂತಿಗಳಿಗೆ ಬರವಿರಲಿಲ್ಲ. ಆಸ್ಪತ್ರೆಯಲ್ಲಿ ಜನರನ್ನು ಕೊಂದು ಮೈಯಿಂದ ಔಷಧದ ಎಣ್ಣೆ ತೆಗೆಯುತ್ತಾರೆ ಎಂಬ ಮಾತು ಬೀದಿ ಬೀದಿ ತಿರುಗಿತು. ಜನರನ್ನು ದೂರಿ ಪ್ರಯೋಜನವಿಲ್ಲ. ಸೈನಿಕರು ಮನೆಯೊಳಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುತ್ತಿದ್ದ ಕಾಲದಲ್ಲಿ ಸರ್ಕಾರದ ಸೂಜಿಯನ್ನು ಯಾರು ನಂಬಿಯಾರು? ಆಗಾ ಖಾನರು ತಮ್ಮ ಸಮುದಾಯದವರ ಎದುರೇ ಲಸಿಕೆ ಹಾಕಿಸಿಕೊಂಡ ಮೇಲೆ ಅವರ ಹಿಂದೆ ಸಾವಿರಾರು ಜನ ಬಂದರು.

1898ರ ಹುಬ್ಬಳ್ಳಿಯ ಲಸಿಕೆ ಕೆಲಸ ದೇಶದಲ್ಲೇ ದೊಡ್ಡವುಗಳಲ್ಲಿ ಒಂದಾಗಿತ್ತು. ಆಮೇಲೆ ಬಂದ ಪ್ಲೇಗ್ ಆಯೋಗ ಎಲ್ಲ ಕಡೆಯ ಲೆಕ್ಕ ತಡಕಾಡಿತು. ಅಂಕಿಅಂಶ ಇನ್ನೂ ಚೊಕ್ಕವಾಗಿರಬೇಕಿತ್ತು ಎಂದಿತು. ಆದರೂ ಲಸಿಕೆಯಿಂದ ರೋಗವೂ ಸಾವೂ ಕಡಿಮೆಯಾಗುತ್ತವೆ ಎಂದು ಒಪ್ಪಿತು. ಹಾಕಿಸಿಕೊಂಡ ಮೊದಲ ಕೆಲವು ದಿನ ರಕ್ಷಣೆ ಇರದು ಎಂಬುದನ್ನೂ ಗುರುತಿಸಿತು. ಇದು ಮುಖ್ಯ. ಊರಲ್ಲಿ ರೋಗ ಹಬ್ಬಿರುವಾಗ ಲಸಿಕೆ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಆಗಲೇ ಸೋಂಕು ತಗುಲಿರುತ್ತದೆ. ಅವರು ಮೂರನೇ ದಿನ ಮಲಗಿದರೆ ನೋಡುವವರ ಕಣ್ಣಿಗೆ ಸೂಜಿಯೇ ಕಾರಣವಾಗಿ ಕಾಣುತ್ತದೆ.

ಮಲ್ಕೋವಾಲ್‌ನಲ್ಲಿ ಆದದ್ದೇನು?

ಹಾಗೆಂದು ಲಸಿಕೆಯ ಸಾವೆಲ್ಲ ಬರೀ ವದಂತಿಯೂ ಅಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಜನರಿಗೆ ಲಸಿಕೆ ಹೋಗಿದ್ದದ್ದು 53-ಎನ್ ಎಂಬ ಒಂದೇ ಬಾಟಲಿಯಿಂದ. ಅಂದು ಅಲ್ಲೇ ಬೇರೆ ಬಾಟಲಿಗಳಿಂದ ಲಸಿಕೆ ಪಡೆದ 88 ಜನರಿಗೆ ಧನುರ್ವಾಯು ಬರಲಿಲ್ಲ.

ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿ. ಬಾಟಲಿಯೊಳಗೆ ಅದು ಮುಂಬೈಯಲ್ಲೇ ಸೇರಿತ್ತೋ, ಹಳ್ಳಿಯಲ್ಲಿ ಮುಚ್ಚಳ ತೆರೆಯುವಾಗ ಸೇರಿತೋ? ಹಾಫ್‌ಕಿನ್ ಅಷ್ಟರಲ್ಲಿ ಕಾರ್ಬಾಲಿಕ್ ಆಮ್ಲ ಹಾಕುವುದನ್ನು ಬಿಟ್ಟು ಬರೀ ಕಾಯಿಸುವ ವಿಧಾನಕ್ಕೆ ಬದಲಾಗಿದ್ದರು. ತನಿಖಾ ಆಯೋಗ ಅದನ್ನೇ ಹಿಡಿದು ತಪ್ಪನ್ನು ಪ್ರಯೋಗಾಲಯದ ಮೇಲೆ ಹೊರಿಸಿತು. ಅವರನ್ನು ಕೆಲಸದಿಂದ ಬದಿಗೆ ಸರಿಸಿದರು. ಆದರೆ ಬಾಟಲಿ ತೆರೆದಾತ ಬಳಸಿದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ ಎಂಬ ಸಾಕ್ಷ್ಯ ದಾಖಲೆಯಲ್ಲೇ ಇತ್ತು. ಧನುರ್ವಾಯುವಿನ ರೋಗಾಣು ಬೆಳೆದ ದ್ರವ ನಾರುತ್ತದೆ. ತೆರೆದಾಗ ಈ ಬಾಟಲಿ ನಾರುತ್ತಿರಲಿಲ್ಲ.

ಇದನ್ನು ಎತ್ತಿ ಹಿಡಿದವರಲ್ಲಿ ಮಲೇರಿಯಾಕ್ಕೂ ಸೊಳ್ಳೆಗೂ ನಂಟು ತೋರಿಸಿದ ರೊನಾಲ್ಡ್ ರಾಸ್ ಒಬ್ಬರು. 1907ರಲ್ಲಿ ರಾಸ್ ಮತ್ತು ಇತರ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ಹಾಫ್‌ಕಿನ್ ಪರ ಬರೆದರು. ಅದೇ ವರ್ಷ ಸರ್ಕಾರ ಅವರನ್ನು ಮತ್ತೆ ಕೆಲಸಕ್ಕೆ ಕರೆಯಿತು. ಐದು ವರ್ಷ ಕಳೆದಿತ್ತು.

ಅವರು ಕಟ್ಟಿದ ಮುಂಬೈ ಪ್ರಯೋಗಾಲಯ ಅವರಿಗೆ ಮರಳಿ ಸಿಗಲಿಲ್ಲ. ಕೊಟ್ಟದ್ದು ಕಲ್ಕತ್ತೆಯ ಹುದ್ದೆ. 1914ರಲ್ಲಿ ನಿವೃತ್ತರಾಗಿ ಯುರೋಪಿಗೆ ಹೋದರು, ಮದುವೆಯಾಗಲಿಲ್ಲ. ಪರೇಲಿನ ಆ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು, ಈಗಲೂ ಅದೇ ಹೆಸರು. 1897ರಿಂದ ಆ ವರ್ಷದವರೆಗೆ ಅಲ್ಲಿಂದ ಹೊರಬಿದ್ದ ಪ್ಲೇಗ್ ಲಸಿಕೆ ಸುಮಾರು 2 ಕೋಟಿ 60 ಲಕ್ಷ ಡೋಸ್. ಹಾಫ್‌ಕಿನ್ ತೀರಿಕೊಂಡದ್ದು 1930ರ ಅಕ್ಟೋಬರ್ 26ರಂದು, ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ.