ಡಾರ್ವಿನ್ನನ ಎರೆಹುಳು ಅಧ್ಯಯನ: ಮಣ್ಣು, ವಿನೋದ ಮತ್ತು ಪ್ರಾಣಿಬುದ್ಧಿ

ಚಾರ್ಲ್ಸ್ ಡಾರ್ವಿನ್ನನನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ 1859ರಲ್ಲಿ ಪ್ರಕಟವಾದ, ಜೀವಿಪ್ರಭೇದಗಳ ಉಗಮವನ್ನು ವಿವರಿಸುವ ಗ್ರಂಥದಲ್ಲಿ ಆರಂಭಗೊಂಡು ಅಲ್ಲಿಯೇ ಮುಗಿಯುತ್ತವೆ. ಅವನ ಕೊನೆಯ ಗ್ರಂಥವು ಎರೆಹುಳುಗಳನ್ನು ಕುರಿತದ್ದು. 1881ರ ಅಕ್ಟೋಬರ್‌ನಲ್ಲಿ, ಅವನ ಸಾವಿಗೆ ಸುಮಾರು ಆರು ತಿಂಗಳ ಮುನ್ನ ಹೊರಬಂದ ಈ ಕೃತಿಯನ್ನು ಮುಪ್ಪಿನ ಕಾಲಕ್ಷೇಪವೆಂದು ಬಗೆದು ಬದಿಗಿರಿಸುವ ಪರಿಪಾಠ ಬೆಳೆದುಬಂದಿದೆ. ಕಾಲಾನುಕ್ರಮವನ್ನು ಗಮನಿಸಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ. ಪ್ರಭೇದಗಳ ಪರಿವರ್ತನೆಯನ್ನು ಕುರಿತ ಮೊದಲ ಟಿಪ್ಪಣಿ ಪುಸ್ತಕವನ್ನು ಅವನು ತೆರೆದದ್ದು 1837ರ ಜುಲೈನಲ್ಲಿ. ಎರೆಹುಳು ಮತ್ತು ಮೇಲ್ಮಣ್ಣಿನ ಸಂಬಂಧವನ್ನು ಕುರಿತ ಪ್ರಬಂಧವನ್ನು ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಮಂಡಿಸಿದ್ದು ಅದೇ ವರ್ಷದ ನವೆಂಬರ್ 1ರಂದು. ಮೊದಲನೆಯ ವಿಚಾರ ಗ್ರಂಥರೂಪ ತಾಳಲು ಇಪ್ಪತ್ತೆರಡು ವರ್ಷ ಹಿಡಿದರೆ ಎರಡನೆಯದಕ್ಕೆ ನಲವತ್ತನಾಲ್ಕು ವರ್ಷ ಹಿಡಿಯಿತು. ಈ ದೀರ್ಘ ಅವಧಿಯ ಬದುಕನ್ನು ಪರಿಶೀಲಿಸಿದಾಗ, ಇಂದು ಮಣ್ಣುವಿಜ್ಞಾನ, ಪ್ರಾಣಿವರ್ತನೆಯ ಅಧ್ಯಯನ, ಕ್ರೀಡಾ ಸಮಾಜಶಾಸ್ತ್ರ ಎಂದು ಬೇರೆ ಬೇರೆ ಶಿಸ್ತುಗಳಿಗೆ ಹಂಚಿಹೋಗಿರುವ ಸಂಗತಿಗಳು ಅವನಲ್ಲಿ ಒಂದೇ ಅಭ್ಯಾಸದ ಕವಲುಗಳಾಗಿದ್ದವು ಎಂಬುದು ಸ್ಪಷ್ಟವಾಗುತ್ತದೆ. ಆ ಅಭ್ಯಾಸವೆಂದರೆ ಎಣಿಕೆ.

1809ರ ಫೆಬ್ರವರಿ 12ರಂದು ಶ್ರೂಸ್‌ಬರಿಯ ಅನುಕೂಲಸ್ಥ ವೈದ್ಯ ಮನೆತನದಲ್ಲಿ ಹುಟ್ಟಿದ ಡಾರ್ವಿನ್ ತಾರುಣ್ಯದಲ್ಲಿ ಬೇಟೆಯ ಹುಚ್ಚು ಹತ್ತಿಸಿಕೊಂಡಿದ್ದವನು. ಬಂದೂಕು, ನಾಯಿ, ಇಲಿ ಹಿಡಿಯುವ ಆಟ ಇವುಗಳಲ್ಲಿಯೇ ಕಾಲ ಕಳೆಯುವ ಮಗನು ಮನೆತನಕ್ಕೆ ಕಳಂಕ ತಂದಾನೆಂಬುದು ತಂದೆ ರಾಬರ್ಟ್ ಡಾರ್ವಿನ್ನನ ಕೊರಗು. ಆ ಕಾಲದ ಇಂಗ್ಲೆಂಡಿನಲ್ಲಿ ಹಕ್ಕಿಬೇಟೆಯು ಕೇವಲ ವಿನೋದವಾಗಿರದೆ ಅಂತಸ್ತಿನ ಕುರುಹೂ ಆಗಿತ್ತು. 1831ರ ಕಾಯಿದೆ ಬರುವವರೆಗೆ ಬೇಟೆಯ ಹಕ್ಕು ಭೂಮಿವಂತರಿಗೆ ಮೀಸಲಾಗಿತ್ತು. ತರುಣ ಡಾರ್ವಿನ್ ಅಂಗಿಯ ಗುಂಡಿಕಾಜಿಗೆ ದಾರವೊಂದನ್ನು ಕಟ್ಟಿಕೊಂಡು, ಹೊಡೆದುರುಳಿಸಿದ ಪ್ರತಿ ಹಕ್ಕಿಗೂ ಒಂದೊಂದು ಗಂಟು ಹಾಕುತ್ತಿದ್ದನು. ಒಮ್ಮೆ ಜೊತೆಗಾರರಿಬ್ಬರು ಅವನು ಗುಂಡು ಹಾರಿಸಿದಾಗಲೆಲ್ಲ ತಾವೂ ಅದೇ ಕ್ಷಣದಲ್ಲಿ ಹಾರಿಸಿದೆವೆಂದು ನಟಿಸಿ, ಆ ಹಕ್ಕಿಯನ್ನು ಲೆಕ್ಕಕ್ಕೆ ಹಿಡಿಯಕೂಡದೆಂದು ಗಂಟೆಗಟ್ಟಲೆ ಅವನನ್ನು ಸತಾಯಿಸಿದರು. ಲೆಕ್ಕ ತಪ್ಪಿದ್ದರಿಂದ ಅವನು ನಿಜವಾಗಿಯೂ ನೊಂದುಕೊಂಡನು. ಈ ಪ್ರಸಂಗವನ್ನು ಜೀವನಚರಿತ್ರಕಾರರು ಸಾಮಾನ್ಯವಾಗಿ ತಮಾಷೆಯೆಂದು ಹೇಳಿ ಮುಂದೆ ಸಾಗುತ್ತಾರೆ. ಆದರೆ ದಾರದ ಗಂಟುಗಳಿಂದ ಎರೆಹುಳುಗಳ ಅಂಕಿಅಂಶಗಳವರೆಗಿನ ದಾರಿ ಭಾವಿಸುವಷ್ಟು ದೂರದ್ದಲ್ಲ.

ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣ ಅರ್ಧಕ್ಕೆ ನಿಂತಿತು. ಕೇಂಬ್ರಿಜ್‌ನಲ್ಲಿ ಜೀರುಂಡೆ ಸಂಗ್ರಹದ ಗೀಳು ಬೆಳೆಯಿತು. 1831ರ ಡಿಸೆಂಬರ್ 27ರಂದು ಹೊರಟು 1836ರ ಅಕ್ಟೋಬರ್ 2ರಂದು ಮರಳಿದ ಬೀಗಲ್ ನೌಕೆಯ ಯಾನ ಸುಪರಿಚಿತವಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಯಾನದುದ್ದಕ್ಕೂ ಬಂದೂಕು ಕ್ರಮೇಣ ಅವನ ಕೈಯಿಂದ ಸೇವಕನ ಕೈಗೆ ಜಾರಿತು ಎಂಬುದನ್ನು ಮಾತ್ರ ಗಮನಿಸಬೇಕು. ನೋಡುವುದರ ಸುಖವು ಹೊಡೆಯುವುದರ ಸುಖವನ್ನು ಮೀರಿಸಿತು.

ಆ ಯಾನಕ್ಕೆ ತಂದೆಯ ಒಪ್ಪಿಗೆ ದೊರಕಿಸಿಕೊಟ್ಟವನು ಸೋದರಮಾವನಾದ ಜೋಸಯ್ಯ ವೆಜ್‌ವುಡ್. ಎರೆಹುಳುವಿನ ಕಡೆಗೆ ಬೆರಳು ತೋರಿದವನೂ ಅವನೇ. ಸ್ಟ್ಯಾಫರ್ಡ್‌ಶೈರಿನ ಮೇರ್ ಎಂಬಲ್ಲಿದ್ದ ತನ್ನ ಹುಲ್ಲುಗಾವಲುಗಳ ಮೇಲೆ ವರ್ಷಗಳ ಹಿಂದೆ ಹರಡಿದ್ದ ಸುಣ್ಣ ಮತ್ತು ಕಲ್ಲಿದ್ದಲಿನ ಕಿಟ್ಟ ಈಗ ಹುಲ್ಲಿನ ಬೇರಿನ ಕೆಳಗೆ ಪದರವಾಗಿ ಕೂತಿರುವುದನ್ನು ಅವನು ಅಳಿಯನಿಗೆ ತೋರಿಸಿದನು. 1827ರಲ್ಲಿ ಹರಡಿದ ಸುಣ್ಣವು 1837ರಲ್ಲಿ ಅಗೆದಾಗ ಸುಮಾರು ಮೂರು ಅಂಗುಲ ಆಳದಲ್ಲಿತ್ತು. ಎರೆಹುಳುಗಳು ಕೆಳಗಿನ ಮಣ್ಣನ್ನು ನುಂಗಿ ಹಿಕ್ಕೆಯಾಗಿ ಮೇಲೆ ಹಾಕುತ್ತಿರುವುದರಿಂದ ಮೇಲಿದ್ದುದು ತಾನಾಗಿ ಕೆಳಗಿಳಿಯುತ್ತದೆಂಬುದು ಮಾವನ ಊಹೆ. ಡಾರ್ವಿನ್ ಈ ಊಹೆಯನ್ನು ಪ್ರಬಂಧವಾಗಿಸಿದನು, ಮೂಲ ಸೂಚನೆ ಮಾವನದೆಂಬುದನ್ನು ಮರೆಮಾಚಲಿಲ್ಲ. 1839ರ ಜನವರಿಯಲ್ಲಿ ಅದೇ ಸೋದರಮಾವನ ಮಗಳಾದ ಎಮ್ಮಾಳನ್ನು ಮದುವೆಯಾದನು.

1842ರ ಸೆಪ್ಟೆಂಬರ್‌ನಲ್ಲಿ ದಂಪತಿಗಳು ಕೆಂಟ್ ಪ್ರಾಂತದ ಡೌನ್ ಗ್ರಾಮಕ್ಕೆ ಬಂದು ನೆಲೆಸಿದರು. ಸುಮಾರು ಮೂರು ತಿಂಗಳ ಬಳಿಕ, ಡಿಸೆಂಬರ್‌ನಲ್ಲಿ, ಮನೆಯ ಸಮೀಪದ ಹುಲ್ಲುಗಾವಲೊಂದರ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಲಾಯಿತು. ಮುಂದೊಂದು ದಿನ ಅವು ಎಷ್ಟು ಆಳಕ್ಕೆ ಇಳಿದಿರುತ್ತವೆಂದು ಅಳೆಯುವುದೇ ಉದ್ದೇಶ. ಅಗೆದು ನೋಡಿದ್ದು 1871ರ ನವೆಂಬರ್‌ನಲ್ಲಿ, ಇಪ್ಪತ್ತೊಂಬತ್ತು ವರ್ಷಗಳ ಬಳಿಕ. ಬಿಳಿ ಚೂರುಗಳ ಸಾಲು ಏಳು ಅಂಗುಲ ಕೆಳಗಿತ್ತು. ಪ್ರಯೋಗ ಆರಂಭಿಸಿದಾಗ ಅವನಿಗೆ ಮೂವತ್ತಮೂರು ವರ್ಷ, ಫಲ ಕಂಡಾಗ ಅರವತ್ತೆರಡು. ನಡುವಣ ಅವಧಿಯಲ್ಲಿ ಶಿಲಾಬದ್ಧ ಜೀವಿಗಳಾದ ಬಾರ್ನಕಲ್‌ಗಳ ಎಂಟು ವರ್ಷಗಳ ಅಧ್ಯಯನ ಮುಗಿಯಿತು. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಳು. ವಿಕಾಸವಾದದ ಮಹಾಗ್ರಂಥ ಬಂದು ಅದರ ಸುತ್ತ ಎದ್ದ ಬಿರುಗಾಳಿಯೂ ಹಾದುಹೋಯಿತು. ಮನೆಯ ಬಳಿಯ ಇನ್ನೊಂದು ಹೊಲವು 1841ರಲ್ಲಿ ಕೊನೆಯ ಬಾರಿ ಉಳುಮೆ ಕಂಡಾಗ ಚಕಮಕಿ ಕಲ್ಲುಗಳಿಂದ ತುಂಬಿತ್ತು. ಇಳಿಜಾರಿನಲ್ಲಿ ಮಕ್ಕಳು ಓಡಿದರೆ ಕಲ್ಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮೂವತ್ತು ವರ್ಷಗಳ ನಂತರ ಕುದುರೆಯೊಂದು ಹೊಲದ ಈ ತುದಿಯಿಂದ ಆ ತುದಿಗೆ ಓಡಿದರೂ ಗೊರಸಿಗೆ ಒಂದು ಕಲ್ಲೂ ತಾಗದಂತಾಗಿತ್ತು.

ಡಾರ್ವಿನ್ನನ ವಿಧಾನವನ್ನು ಅರಿಯಲು ವಿನೋದ ಕೂಟಗಳೊಂದಿಗಿನ ಅವನ ಒಡನಾಟ ಮುಖ್ಯವಾಗುತ್ತದೆ. 1855ರಲ್ಲಿ ಅವನು ಪಾರಿವಾಳ ಸಾಕಲಾರಂಭಿಸಿ, ಲಂಡನ್ನಿನ ಎರಡು ಪಾರಿವಾಳ ಪ್ರಿಯರ ಕೂಟಗಳಿಗೆ ಸೇರಿದನು. ಪಾರಿವಾಳ ಸಾಕಣೆಯು ಕುಲೀನರ ಬೇಟೆಯಂತಲ್ಲ. ಅಲ್ಲಿ ಕುಶಲಕರ್ಮಿಗಳೂ ದುಡಿಯುವ ಜನರೂ ಪರಿಣತರೆನಿಸಿದ್ದರು. ಕೊಕ್ಕಿನ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲ ಅವರ ಕಣ್ಣಿಗೆ ಕೇಂಬ್ರಿಜ್‌ನಲ್ಲಿ ಓದಿದ ಭೂಮಾಲೀಕನು ಶಿಷ್ಯನಾದನು. ಸಾಕುಪ್ರಾಣಿಗಳ ಆಯ್ಕೆಯನ್ನು ಕುರಿತ ಅವನ ವಾದ ಈ ಕೂಟಗಳ ಅನುಭವಕ್ಕೆ ಬಹಳಷ್ಟು ಋಣಿಯಾಗಿದೆ. ಮನೆಯೊಳಗೂ ಎಣಿಕೆ ಬಿಡಲಿಲ್ಲ. ಪ್ರತಿ ರಾತ್ರಿ ಎಮ್ಮಾಳೊಂದಿಗೆ ಆಡುತ್ತಿದ್ದ ಬ್ಯಾಕ್‌ಗ್ಯಾಮನ್ ಪಗಡೆಯಾಟದ ಸೋಲುಗೆಲುವುಗಳನ್ನು ವರ್ಷಾನುಗಟ್ಟಲೆ ಬರೆದಿಟ್ಟನು. 1876ರ ಜನವರಿಯ ಹೊತ್ತಿಗೆ ಅವಳು ಗೆದ್ದದ್ದು 2490 ಆಟ, ಅವನು ಗೆದ್ದದ್ದು 2795.

ಎರೆಹುಳುವಿನ ವಾದಕ್ಕೆ ಎದುರಾದ ಆಕ್ಷೇಪವೂ ಎಣಿಕೆಯನ್ನೇ ಕುರಿತದ್ದಾಗಿತ್ತು. 1869ರಲ್ಲಿ ತೋಟಗಾರಿಕೆಯ ಪತ್ರಿಕೆಯೊಂದರಲ್ಲಿ ಫಿಶ್ ಎಂಬ ಲೇಖಕನು, ಇಷ್ಟು ದುರ್ಬಲವೂ ಚಿಕ್ಕದೂ ಆದ ಹುಳು ಇಷ್ಟು ದೊಡ್ಡ ಕೆಲಸ ಮಾಡಲಾರದೆಂದು ವಾದಿಸಿದನು. ಸಣ್ಣ ಕಾರಣಗಳು ಎಡೆಬಿಡದೆ ದುಡಿದಾಗ ಕೂಡಿಬರುವ ಮೊತ್ತವನ್ನು ಕಾಣಲಾರದ ದೃಷ್ಟಿದೋಷವಿದು ಎಂದು ಡಾರ್ವಿನ್ ಭಾವಿಸಿದನು. ವಿಕಾಸವಾದಕ್ಕೂ ಭೂವಿಜ್ಞಾನಕ್ಕೂ ಇದೇ ದೋಷ ಅಡ್ಡಬಂದಿತ್ತೆಂಬುದು ಅವನ ತಿಳಿವು. ಹೀಗಾಗಿ ಎರೆಹುಳು ಅವನಿಗೆ ಬಿಡಿ ವಿಷಯವಾಗಿರದೆ, ಬದುಕಿನುದ್ದಕ್ಕೂ ಪ್ರತಿಪಾದಿಸಿದ ತತ್ತ್ವವನ್ನು ಕಣ್ಣೆದುರು ಅಳೆದು ತೋರಿಸಬಹುದಾದ ಒಂದೇ ಸಾಕ್ಷಿಯಾಗಿತ್ತು. ಪ್ರಭೇದದ ಹುಟ್ಟನ್ನು ಯಾರೂ ಕಾದು ಕೂತು ನೋಡಲಾರರು. ಮಣ್ಣಿನ ಏರಿಕೆಯನ್ನು ಒಂದು ಆಯುಷ್ಯದಲ್ಲಿ ನೋಡಬಹುದು.

ಅಳತೆಗೆ ಅನೇಕರು ನೆರವಾದರು. ಸರ್ರೆ ಪ್ರಾಂತದ ಲೀತ್ ಹಿಲ್ ಪ್ಲೇಸ್ ಎಂಬಲ್ಲಿ ಮಹಿಳೆಯೊಬ್ಬಳು 1870ರ ಅಕ್ಟೋಬರ್‌ನಿಂದ ಒಂದು ವರ್ಷ ಕಾಲ, ಎರಡು ಕಡೆ ಗುರುತಿಸಿದ ಒಂದೊಂದು ಚದರ ಗಜ ನೆಲದ ಹಿಕ್ಕೆಗಳನ್ನು ಆಯ್ದು ಒಣಗಿಸಿ ತೂಗಿದಳು. ಎಕರೆಗೆ ಲೆಕ್ಕ ಹಾಕಿದಾಗ ಒಂದೆಡೆ 7.56 ಟನ್, ಇನ್ನೊಂದೆಡೆ 16.1 ಟನ್ ಮಣ್ಣು ವರ್ಷವೊಂದರಲ್ಲಿ ಮೇಲೆ ಬರುತ್ತದೆಂದು ತಿಳಿದುಬಂತು. ಗ್ರಂಥದಲ್ಲಿ ಅವಳ ನಿಷ್ಠೆಗೆ ಮೆಚ್ಚುಗೆಯಿದೆ, ಹೆಸರಿಲ್ಲ. ದಕ್ಷಿಣ ಭಾರತದ ಮಣ್ಣೂ ಈ ಗ್ರಂಥವನ್ನು ಸೇರಿದೆ: ಕಲ್ಕತ್ತೆಯ ಸಸ್ಯೋದ್ಯಾನದ ಗೋಪುರಾಕಾರದ ಹಿಕ್ಕೆಯ ಚಿತ್ರದ ಜೊತೆಗೆ ನೀಲಗಿರಿಯ ಹಿಕ್ಕೆಯೊಂದರ ನೈಜಗಾತ್ರದ ಚಿತ್ರವೂ ಅಲ್ಲಿದೆ.

ಗ್ರಂಥದ ಅರ್ಧದಷ್ಟು ಸ್ವಾರಸ್ಯ ಇರುವುದು ಹುಳುಗಳ ನಡವಳಿಕೆಯ ವಿವರಣೆಯಲ್ಲಿ. ಮಣ್ಣು ತುಂಬಿದ ಕುಂಡಗಳಲ್ಲಿ ಹುಳುಗಳನ್ನು ಓದುವ ಕೋಣೆಯಲ್ಲಿಯೇ ಇರಿಸಿಕೊಂಡು ಡಾರ್ವಿನ್ ರಾತ್ರಿಗಳಲ್ಲಿ ಅವುಗಳನ್ನು ಪರೀಕ್ಷಿಸಿದನು. ತಗಡಿನ ಸೀಟಿಗೆ, ಬಸೂನ್ ವಾದ್ಯಕ್ಕೆ, ಪಿಯಾನೋ ನಾದಕ್ಕೆ ಅವು ಮಿಸುಕಲಿಲ್ಲ. ಕುಂಡವನ್ನು ಪಿಯಾನೋ ಮೇಲೆಯೇ ಇಟ್ಟು ಸ್ವರ ನುಡಿಸಿದಾಗ ಮಾತ್ರ ಬಿಲದೊಳಗೆ ಸರಿದವು. ಕಿವಿಯಿಲ್ಲ, ಆದರೆ ಕಂಪನದ ಅರಿವು ತೀಕ್ಷ್ಣವಾಗಿದೆ ಎಂಬುದು ಇದರಿಂದ ಸಿದ್ಧವಾಯಿತು. ಬಿಲದ ಬಾಯನ್ನು ಎಲೆಗಳಿಂದ ಮುಚ್ಚುವ ಅವುಗಳ ಕ್ರಮವು ಇನ್ನೂ ಗಹನವಾದ ಪ್ರಶ್ನೆಗೆ ಎಡೆಗೊಟ್ಟಿತು. ಬಿಲಗಳಿಂದ ಹೊರತೆಗೆದ 227 ಒಣ ಎಲೆಗಳಲ್ಲಿ 181 ತುದಿಯ ಕಡೆಯಿಂದ, 20 ತೊಟ್ಟಿನ ಕಡೆಯಿಂದ, 26 ನಡುವಿನಿಂದ ಎಳೆಯಲ್ಪಟ್ಟಿದ್ದವು. ಎಲೆಯ ಪರಿಚಯವೇ ಹುಳುವಿಗೆ ದಾರಿ ತೋರುತ್ತಿರಬಹುದೆಂಬ ಸಂದೇಹ ಪರಿಹರಿಸಲು ಕಾಗದದ ತ್ರಿಕೋನಗಳನ್ನು ಕತ್ತರಿಸಿ, ಇಬ್ಬನಿಗೆ ಮೆತ್ತಗಾಗದಂತೆ ಕೊಬ್ಬು ಸವರಿ ಹರಡಲಾಯಿತು. ಹುಳುಗಳು ಎಳೆದುಕೊಂಡ 303 ತ್ರಿಕೋನಗಳಲ್ಲಿ ನೂರಕ್ಕೆ 62ರಷ್ಟು ಚೂಪು ತುದಿಯಿಂದಲೇ ಒಳಹೋಗಿದ್ದವು. ಕುರುಡು ಪ್ರವೃತ್ತಿಯೊಂದೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಆಕಾರವನ್ನು ತಡವಿ ತಿಳಿದು ನಿರ್ಧರಿಸುವ ಅಲ್ಪ ಬುದ್ಧಿಯಾದರೂ ಹುಳುವಿಗೆ ಇದೆಯೆಂದು ಅವನು ತೀರ್ಮಾನಿಸಿದನು.

ಈ ತೀರ್ಮಾನ ಮುಂದೆ ವಿವಾದಕ್ಕೊಳಗಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ಪ್ರಯೋಗಗಳು, ಹುಳುವನ್ನು ನಡೆಸುವಲ್ಲಿ ಎಲೆಯ ಆಕಾರಕ್ಕಿಂತ ರಾಸಾಯನಿಕ ರುಚಿಯ ಪಾತ್ರ ಹೆಚ್ಚಿನದೆಂದು ತೋರಿಸಿದವು. ಕಾಗದಕ್ಕೆ ಎಲೆಯ ರುಚಿ ಇಲ್ಲವೆಂಬುದು ನಿಜವಾದರೂ, ಬುದ್ಧಿ ಎಂಬ ಪದವನ್ನು ಡಾರ್ವಿನ್ ಉದಾರವಾಗಿ ಬಳಸಿದನೆಂಬ ಟೀಕೆಯನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ವಿಧಾನದ ದೃಷ್ಟಿಯಿಂದ ಅವನು ಕಾಲಕ್ಕಿಂತ ಮುಂದಿದ್ದನು. ಪ್ರಾಣಿಗಳ ಜಾಣ್ಮೆಯನ್ನು ಕುರಿತ ಬಿಡಿಬಿಡಿ ಕಥೆಗಳನ್ನು ಕಲೆಹಾಕುವುದು ಆಗಿನ ರೂಢಿ. 1871 ಮತ್ತು 1872ರ ಅವನ ಗ್ರಂಥಗಳಲ್ಲಿಯೂ ಅಂಥ ಕಥೆಗಳು ಹೇರಳ. ಹುಳುವಿನ ಮುಂದೆ ಅವನು ಕಥೆಯನ್ನು ಬಿಟ್ಟು ಪ್ರಮಾಣವನ್ನು ಹಿಡಿದನು.

1877ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, ಅನಾರೋಗ್ಯವನ್ನೂ ಲೆಕ್ಕಿಸದೆ ಸ್ಟೋನ್‌ಹೆಂಜ್‌ಗೆ ಹೋಗಿ, ಬಿದ್ದ ಬೃಹತ್ ಶಿಲೆಗಳು ಎಷ್ಟು ಹೂತಿವೆಯೆಂದು ಪರಿಶೀಲಿಸಿದನು. ಅದೇ ವರ್ಷ ಸರ್ರೆಯ ಆ್ಯಬಿಂಜರ್‌ನಲ್ಲಿ ಅಗೆದು ತೆಗೆದ ರೋಮನ್ ಕಾಲದ ಮನೆಯ ಗಚ್ಚುನೆಲವನ್ನೂ ಹುಳುಗಳು ಕೊರೆದು ಮೇಲೇರಿರುವುದನ್ನು ಕಂಡನು. ಪ್ರಾಚೀನ ಅವಶೇಷಗಳು ಉಳಿದು ಬರುವುದಕ್ಕೆ ಪುರಾತತ್ತ್ವಜ್ಞರು ಎರೆಹುಳುವಿಗೆ ಕೃತಜ್ಞರಾಗಿರಬೇಕೆಂಬ ಮಾತಿಗೆ ಇದೇ ಆಧಾರ. ಮಣ್ಣುವಿಜ್ಞಾನದ ಸ್ಥಾಪಕನೆಂಬ ಗೌರವ 1883ರಲ್ಲಿ ಕಪ್ಪುಮಣ್ಣಿನ ಗ್ರಂಥ ಪ್ರಕಟಿಸಿದ ರಷ್ಯಾದ ದೊಕುಚಾಯೆವ್‌ಗೆ ಸಂದಿರುವುದು ಉಚಿತವೇ. ಆದರೆ ಜೀವಿಗಳ ದುಡಿಮೆಯಿಂದ ಮಣ್ಣು ರೂಪುಗೊಳ್ಳುವ ಬಗೆಯನ್ನು ಅಳತೆಯ ಮೂಲಕ ನಿರೂಪಿಸಿದ ಡಾರ್ವಿನ್ನನನ್ನು ಆ ಚರಿತ್ರೆಯ ಪೀಠಿಕೆಯಲ್ಲಿ ಮಾತ್ರ ನೆನೆಯುವುದು ಸಲ್ಲದು.

ಗ್ರಂಥವು ಅವನ ನಿರೀಕ್ಷೆಗೂ ಮೀರಿ ಮಾರಾಟವಾಯಿತು. 1884ರ ಫೆಬ್ರವರಿಯ ಹೊತ್ತಿಗೆ 8500 ಪ್ರತಿಗಳು ಖರ್ಚಾಗಿದ್ದವು. ಪಂಚ್ ಪತ್ರಿಕೆಯ 1882ರ ವಾರ್ಷಿಕ ಪಂಚಾಂಗವು ಹುಳುವಿನಿಂದ ಸುತ್ತಿ ಸುತ್ತಿ ಮೇಲೇರುವ ಜೀವಸರಣಿಯ ತುದಿಯಲ್ಲಿ ಡಾರ್ವಿನ್ನನನ್ನು ಕೂರಿಸಿ ವ್ಯಂಗ್ಯಚಿತ್ರ ಬರೆಯಿತು. 1882ರ ಏಪ್ರಿಲ್ 19ರಂದು ಡೌನ್‌ನಲ್ಲಿ ಅವನು ತೀರಿಕೊಂಡನು. ಏಪ್ರಿಲ್ 26ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯಾಯಿತು. ಡೌನ್ ಮನೆಯ ಹುಲ್ಲಿನಂಗಳದಲ್ಲಿ ಮಗ ಹೊರೇಸ್ ಇರಿಸಿದ್ದ ದುಂಡುಕಲ್ಲು ಮಾತ್ರ ಕೆಳಗಿಳಿಯುತ್ತಲೇ ಇತ್ತು. 1901ರಲ್ಲಿ ಹೊರೇಸ್ ಪ್ರಕಟಿಸಿದ ಅಳತೆಯ ಪ್ರಕಾರ ಅದರ ವೇಗ ವರ್ಷಕ್ಕೆ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು.