ಬ್ಲೇಸ್ ಪಾಸ್ಕಲ್: ಹಿಟಾಚಿಗೆ ಬಲ ಕೊಟ್ಟ ವಿಜ್ಞಾನಿ

ಮಕ್ಕಳೇ, ರಸ್ತೆ ಬದಿಯಲ್ಲಿ ಹಿಟಾಚಿ ಮಣ್ಣು ಅಗೆಯುವುದನ್ನು ನಿಂತು ನೋಡದವರು ನಿಮ್ಮಲ್ಲಿ ಯಾರಿದ್ದೀರಿ? ಬೆಂಗಳೂರಿನ ಶಿವಾಜಿನಗರ, ಹಲಸೂರು, ಕೆ.ಆರ್. ಪುರಗಳಲ್ಲಿ ಮೆಟ್ರೋ ಕಾಮಗಾರಿಗಾಗಿ ಇಂಥ ಯಂತ್ರಗಳು ದುಡಿದಿವೆ. ಇಂದಿರಾನಗರದ ಪಕ್ಕದ ಹೊಸ ತಿಪ್ಪಸಂದ್ರದಲ್ಲಿ ಬಿಇಎಂಎಲ್ ಕಾರ್ಖಾನೆಯಿದೆ. 1964ರಲ್ಲಿ ಆರಂಭವಾದ ಈ ಸಂಸ್ಥೆ ಕೆಜಿಎಫ್‌ನಲ್ಲಿರುವ ತನ್ನ ಇನ್ನೊಂದು ಕಾರ್ಖಾನೆಯಲ್ಲಿ ಬುಲ್ಡೋಜರ್‌ಗಳನ್ನು ತಯಾರಿಸುತ್ತದೆ.

ಹಿಟಾಚಿಯನ್ನು ಗಮನಿಸಿ ನೋಡಿ. ಅದಕ್ಕೆ ಚಕ್ರಗಳಿಲ್ಲ, ಎರಡು ಉಕ್ಕಿನ ಪಟ್ಟಿಗಳಿವೆ. ತೋಳಿನ ಉದ್ದಕ್ಕೂ ಕಪ್ಪು ಕೊಳವೆಗಳಿವೆ. ಆ ಕೊಳವೆಗಳ ಒಳಗಿರುವುದು ಬರೀ ಎಣ್ಣೆ! ಎಣ್ಣೆ ಬಂಡೆಯನ್ನು ಎತ್ತುವುದು ಹೇಗೆ? ಇದಕ್ಕೆ ಉತ್ತರ ಹೇಳಿದವನು ಸುಮಾರು 370 ವರ್ಷಗಳ ಹಿಂದೆ ಬದುಕಿದ್ದ ಒಬ್ಬ ರೋಗಪೀಡಿತ ಯುವಕ. ಆತನೇ ಬ್ಲೇಸ್ ಪಾಸ್ಕಲ್.

ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸ್ ದೇಶದ ಕ್ಲೆರ್ಮೋನ್ ಎಂಬ ಊರಿನಲ್ಲಿ. ಮೂರು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಎಟಿಯೆನ್ ಮಗನನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳಿದರು. ಮೊದಲು ಭಾಷೆ ಕಲಿಯಲಿ, ಗಣಿತ ಆಮೇಲೆ ಎಂಬುದು ತಂದೆಯ ನಿಯಮ. ಆದರೆ ಬೇಡವೆಂದರೆ ಕುತೂಹಲ ಹೆಚ್ಚುತ್ತದೆ ಅಲ್ಲವೇ? ಹನ್ನೆರಡನೇ ವಯಸ್ಸಿನಲ್ಲಿ ಹುಡುಗ ತಾನೇ ಚಿತ್ರ ಬರೆದು ರೇಖಾಗಣಿತ ಮಾಡುತ್ತಿದ್ದ. ಅದನ್ನು ಕಂಡ ತಂದೆ ನಿಯಮವನ್ನು ಸಡಿಲಿಸಿದರು.

ಮುಂದೆ ತಂದೆಗೆ ರುಆನ್ ನಗರದಲ್ಲಿ ತೆರಿಗೆ ಲೆಕ್ಕದ ಕೆಲಸ ಬಂತು. ರಾತ್ರಿಯವರೆಗೂ ಕೂಡುವುದು, ಕಳೆಯುವುದು. ತಂದೆಯ ಕಷ್ಟ ನೋಡಲಾರದೆ ಪಾಸ್ಕಲ್ 19ನೇ ವಯಸ್ಸಿನಲ್ಲಿ ಹಲ್ಲುಚಕ್ರಗಳಿಂದ ಲೆಕ್ಕ ಮಾಡುವ ಯಂತ್ರವನ್ನು ರೂಪಿಸತೊಡಗಿದ. ಒಂದು ಮಾದರಿ ಸರಿಬರಲಿಲ್ಲ, ಇನ್ನೊಂದು ಮಾಡಿದ. ಹೀಗೆ ಸುಮಾರು 50 ಮಾದರಿಗಳು! ಕೊನೆಗೆ ಯಂತ್ರ ಸರಿಯಾಗಿ ಲೆಕ್ಕ ಹಾಕಿತು. ಆದರೆ ಬೆಲೆ ದುಬಾರಿಯಾದ್ದರಿಂದ ಹೆಚ್ಚು ಮಾರಾಟವಾಗಲಿಲ್ಲ.

ಆರೋಗ್ಯ ಆತನಿಗೆ ಎಂದೂ ಜೊತೆ ಕೊಡಲಿಲ್ಲ. ಬೆಟ್ಟ ಹತ್ತಿದಂತೆ ಗಾಳಿಯ ಒತ್ತಡ ಕಡಿಮೆಯಾಗಬೇಕು ಎಂದು ಆತ ಊಹಿಸಿದ. ಪರೀಕ್ಷಿಸಲು ಬೆಟ್ಟ ಹತ್ತುವ ಶಕ್ತಿ ಎಲ್ಲಿತ್ತು? ತನ್ನ ಅಕ್ಕನ ಗಂಡ ಪೆರಿಯೆಯವರನ್ನು ಕೇಳಿಕೊಂಡ. 1648ರ ಸೆಪ್ಟೆಂಬರ್ 19ರಂದು ಅವರು ಪಾದರಸದ ಕೊಳವೆಯೊಂದಿಗೆ ಪ್ಯೂಯಿ ದ ದೋಮ್ ಬೆಟ್ಟ ಹತ್ತಿದರು. ತುದಿಯಲ್ಲಿ ಪಾದರಸದ ಮಟ್ಟ ಸುಮಾರು 8 ಸೆಂಟಿಮೀಟರ್ ಇಳಿದಿತ್ತು. ಪಾಸ್ಕಲ್‌ನ ಊಹೆ ನಿಜವಾಯಿತು.

ಬಳಿಕ ಆತ ದ್ರವಗಳತ್ತ ತಿರುಗಿದ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಇದೇ ಪಾಸ್ಕಲ್‌ನ ನಿಯಮ. ಚಿಕ್ಕ ಪಿಸ್ಟನ್‌ಗಿಂತ ದೊಡ್ಡ ಪಿಸ್ಟನ್‌ನ ವಿಸ್ತೀರ್ಣ 100 ಪಟ್ಟು ಇದ್ದರೆ, ಚಿಕ್ಕದರ ಮೇಲೆ 1 ಕಿಲೋಗ್ರಾಂ ತೂಕವಿಟ್ಟು ದೊಡ್ಡದರ ಮೇಲಿನ 100 ಕಿಲೋಗ್ರಾಂ ತೂಕವನ್ನು ತಡೆಯಬಹುದು. ಆದರೆ ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ. ದೊಡ್ಡ ಪಿಸ್ಟನ್ 1 ಸೆಂಟಿಮೀಟರ್ ಮೇಲೇರಬೇಕಾದರೆ ಚಿಕ್ಕದು 100 ಸೆಂಟಿಮೀಟರ್ ಇಳಿಯಬೇಕು.

ಈಗ ಒಂದು ಲೆಕ್ಕ ಮಾಡೋಣ. ಗೊಬ್ಬರ, ಕಲ್ಲು ಸಾಗಿಸಲು ನೀವೇ ಒಂದು ಪಟ್ಟಿಗಾಡಿ ಮಾಡುತ್ತೀರಿ ಎಂದುಕೊಳ್ಳಿ. ಎಂಜಿನ್ ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ತಳ್ಳುತ್ತದೆ. ಆ ಎಣ್ಣೆ ಮೋಟಾರನ್ನು ತಿರುಗಿಸಿ ಪಟ್ಟಿಯನ್ನು ಓಡಿಸುತ್ತದೆ. ಪ್ರತಿ ಪಟ್ಟಿಗೂ ಬೇರೆ ಮೋಟಾರು ಬೇಕು. ಒಂದು ಪಟ್ಟಿಯನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಿದರೆ ತಾನೇ ಗಾಡಿ ತಿರುಗುವುದು!

ಒಂದು ಮೋಟಾರಿಗೆ ನಿಮಿಷಕ್ಕೆ 20 ಲೀಟರ್ ಎಣ್ಣೆ ಬರುತ್ತಿದೆ. ಒಂದು ಸುತ್ತಿಗೆ 100 ಮಿಲಿಲೀಟರ್ ಎಣ್ಣೆ ಬೇಕಾದ ಚಿಕ್ಕ ಮೋಟಾರು ನಿಮಿಷಕ್ಕೆ 200 ಸುತ್ತು ತಿರುಗುತ್ತದೆ. 400 ಮಿಲಿಲೀಟರ್ ಬೇಕಾದ ದೊಡ್ಡ ಮೋಟಾರು 50 ಸುತ್ತು ಮಾತ್ರ ತಿರುಗುತ್ತದೆ. ಆದರೆ ಅದೇ ಒತ್ತಡದಲ್ಲಿ ದೊಡ್ಡದರ ತಿರುಚುವ ಬಲ ನಾಲ್ಕು ಪಟ್ಟು! ಹೊರೆ ಹೊತ್ತು ದಿಣ್ಣೆ ಹತ್ತುವ ಗಾಡಿಗೆ ಯಾವುದು ಬೇಕು? ಹೌದು, ದೊಡ್ಡದೇ. ಆದ್ದರಿಂದ ಮೊದಲು ಗಾಡಿಯ ತೂಕ ಮತ್ತು ದಿಣ್ಣೆಯನ್ನು ನೋಡಿ ಮೋಟಾರನ್ನು ಆರಿಸಬೇಕು. ಬೇಕಾದ ವೇಗ ನೋಡಿ ಪಂಪನ್ನು ಆರಿಸಬೇಕು. ಕೊನೆಗೆ ಎಂಜಿನ್ನಿಗೆ ಅಷ್ಟು ಸಾಮರ್ಥ್ಯವಿದೆಯೇ ಎಂದು ಪರೀಕ್ಷಿಸಬೇಕು. ಎಂಜಿನ್ ಚಿಕ್ಕದಾದರೆ ಗಾಡಿ ದಿಣ್ಣೆಯ ನಡುವೆಯೇ ನಿಂತುಬಿಡುತ್ತದೆ.

ತನ್ನ ನಿಯಮದಿಂದ ನಡೆಯುವ ಯಂತ್ರವನ್ನು ಪಾಸ್ಕಲ್ ನೋಡಲೇ ಇಲ್ಲ. 1662ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನಲ್ಲಿ, ನಮ್ಮ ಸಿಟಿ ಬಸ್ಸಿನಂತೆ ಗೊತ್ತಾದ ದಾರಿಯಲ್ಲಿ ಓಡುವ ಕುದುರೆಗಾಡಿಗಳು ಆತನ ಯೋಜನೆಯಂತೆ ಆರಂಭವಾದವು. ಅದೇ ವರ್ಷದ ಆಗಸ್ಟ್ 19ರಂದು ಆತ ತೀರಿಕೊಂಡ. ಆಗ ವಯಸ್ಸು ಕೇವಲ 39. ದ್ರವಗಳ ಬಗ್ಗೆ ಬರೆದ ಪುಸ್ತಕ ಅಚ್ಚಾದದ್ದು ಮರುವರ್ಷ.

ಆ ನಿಯಮದಂತೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದದ್ದು 1795ರಲ್ಲಿ, ಅಂದರೆ 133 ವರ್ಷಗಳ ನಂತರ. ಪಿಸ್ಟನ್ ಸುತ್ತ ನೀರು ಸೋರುವುದೇ ದೊಡ್ಡ ತೊಡಕಾಗಿತ್ತು. ಬ್ರಾಮಾನ ಕಾರ್ಖಾನೆಯ ಹೆನ್ರಿ ಮಾಡ್ಸ್ಲೆ ಬಟ್ಟಲಿನಾಕಾರದ ಚರ್ಮದ ವಾಷರ್‌ನಿಂದ ಅದನ್ನು ತಡೆದ. ಒತ್ತಡ ಹೆಚ್ಚಿದಷ್ಟೂ ಅದು ಬಿಗಿಯಾಗುತ್ತಿತ್ತು. ಸೈಕಲ್ ಪಂಪನ್ನು ಬಿಚ್ಚಿ ನೋಡಿದರೆ ನಿಮಗೂ ಅಂಥದೇ ಒಂದು ವಾಷರ್ ಸಿಗಬಹುದು. 1971ರಲ್ಲಿ ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ‘ಪಾಸ್ಕಲ್’ ಎಂದು ಹೆಸರಿಡಲಾಯಿತು.

ಮಾಡಿ ನೋಡಿ: ಸೂಜಿಯಿಲ್ಲದ, ಬಳಸದ 5 ಮತ್ತು 20 ಮಿಲಿಲೀಟರ್ ಸಿರಿಂಜ್‌ಗಳಿಗೆ ನೀರು ತುಂಬಿ, ಗಾಳಿಗುಳ್ಳೆ ಉಳಿಯದಂತೆ ಸಣ್ಣ ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿ. ಒಂದನ್ನು ನೀವು ಒತ್ತಿ, ಇನ್ನೊಂದನ್ನು ಗೆಳೆಯ ಒತ್ತಲಿ. ಚಿಕ್ಕ ಸಿರಿಂಜ್ ಹಿಡಿದವರು ಸುಲಭವಾಗಿ ಗೆಲ್ಲುತ್ತಾರೆ. ಯಾವ ಪಿಸ್ಟನ್ ಹೆಚ್ಚು ದೂರ ಸರಿಯಿತು? ಅಳತೆಪಟ್ಟಿಯಿಂದ ಅಳೆದು ಬರೆದಿಡಿ. ಆಮೇಲೆ ಕಾರಣವನ್ನು ನಿಮ್ಮ ಗೆಳೆಯನಿಗೆ ವಿವರಿಸಿ.